ಮಂಜು ಹರಿದರೆ ಟೀಚರ್ ಬರುತ್ತಾರೆ: ಆರ್ಕ್ನಿ ದ್ವೀಪಗಳಲ್ಲಿ ಆರು ದಿನ

ಭಾನುವಾರ

ರಾತ್ರಿ ಹನ್ನೊಂದಕ್ಕೆ ಹಡಗಿನಿಂದ ಇಳಿದೆವು. ಆಕಾಶದಲ್ಲಿ ಇನ್ನೂ ಬೆಳಕಿತ್ತು, ನಮ್ಮಲ್ಲಿ ದೇವರ ಮುಂದೆ ದೀಪ ಹಚ್ಚುವ ಹೊತ್ತಿನಷ್ಟು. 2019ರ ಜೂನ್ ತಿಂಗಳು. ಅಬರ್ಡೀನ್‌ನಲ್ಲಿ ಕೆಲಸದಲ್ಲಿರುವ ಮಗಳ ಮನೆಗೆ ಹೋಗಿದ್ದೆ. "ಎಲ್ಲಿಗೆ ಹೋಗೋಣ ಅಮ್ಮ, ಲಂಡನ್‌ಗಾ, ಎಡಿನ್‌ಬರೋಗಾ?" ಅಂತ ಕೇಳಿದಳು. ನನಗೆ ದ್ವೀಪದ ಶಾಲೆ ನೋಡಬೇಕು ಅಂದೆ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಏನೂ ಕೇಳಲಿಲ್ಲ. ಅವಳಿಗೆ ಗೊತ್ತಿತ್ತು.

ಶರಾವತಿ ಹಿನ್ನೀರಿನ ಆಚೆ ದಡದಲ್ಲಿ ಹನ್ನೊಂದು ವರ್ಷ ಏಕೋಪಾಧ್ಯಾಯ ಶಾಲೆ ನಡೆಸಿದವಳು ನಾನು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಗಿ ನೀರು ನಿಂತ ಮೇಲೆ ಅಲ್ಲಿನ ಎಷ್ಟೋ ಊರುಗಳು ನಡುಗಡ್ಡೆಯ ಹಾಗೇ ಆದವು. ಲಾಂಚ್ ಬಂದರೆ ನಾನು ಶಾಲೆಗೆ, ಇಲ್ಲದಿದ್ದರೆ ದಡದಲ್ಲೇ. ಕೊನೆಗೆ ನಾಲ್ಕು ಮಕ್ಕಳು ಉಳಿದರು. ಶಾಲೆ ವಿಲೀನವಾಯಿತು. ಬೀಗ ಹಾಕಿ ಕೀಲಿಕೈ ಒಪ್ಪಿಸಿ ಬಂದೆ. ಎರಡು ವರ್ಷದಲ್ಲಿ ಆ ನಾಲ್ಕು ಮಕ್ಕಳ ಮನೆಯವರೂ ಸಾಗರಕ್ಕೆ ಬಂದು ಬಾಡಿಗೆ ಮನೆ ಹಿಡಿದರು. ಶಾಲೆ ಮುಚ್ಚಿದ್ದಕ್ಕೆ ಊರು ಖಾಲಿಯಾಯಿತೋ, ಊರು ಖಾಲಿಯಾಗುತ್ತಿತ್ತು ಅಂತ ಶಾಲೆ ಮುಚ್ಚಿತೋ? ಆ ಪ್ರಶ್ನೆ ಹೊತ್ತುಕೊಂಡೇ ಇಲ್ಲಿಗೆ ಬಂದೆ.

ಆರ್ಕ್ನಿ ಅಂದರೆ ಸ್ಕಾಟ್ಲೆಂಡಿನ ಉತ್ತರ ತುದಿಯಾಚೆ ಇರುವ ಸುಮಾರು ಎಪ್ಪತ್ತು ದ್ವೀಪಗಳ ಗುಂಪು. ಜನ ಇರುವುದು ಇಪ್ಪತ್ತರಷ್ಟರಲ್ಲಿ ಮಾತ್ರ. ಎಲ್ಲ ಸೇರಿ ಇಪ್ಪತ್ತೆರಡು ಸಾವಿರದ ಹತ್ತಿರ ಜನ. ಶಾಲೆಗಳನ್ನೆಲ್ಲ ನಡೆಸುವುದು ಕರ್ಕ್‌ವಾಲ್ ಪಟ್ಟಣದಲ್ಲಿರುವ ದ್ವೀಪ ಕೌನ್ಸಿಲ್.

ಟ್ಯಾಕ್ಸಿಯವರು ಈಡೇ ಅನ್ನುವ ದ್ವೀಪದವರು. ನಾನು ಟೀಚರ್ ಅಂತ ಗೊತ್ತಾದ ತಕ್ಷಣ ಸ್ವಲ್ಪ ಸುತ್ತು ಹಾಕಿ ಒಂದು ದೊಡ್ಡ ಕಟ್ಟಡದ ಮುಂದೆ ಗಾಡಿ ನಿಧಾನ ಮಾಡಿದರು. ಪ್ಯಾಪ್‌ಡೇಲ್ ಹಾಸ್ಟೆಲ್. ಸಣ್ಣ ದ್ವೀಪಗಳ ಮಕ್ಕಳು ಇಲ್ಲಿದ್ದು ಕರ್ಕ್‌ವಾಲ್ ಗ್ರಾಮರ್ ಸ್ಕೂಲಿನಲ್ಲಿ ಓದುತ್ತಾರೆ. "ಪ್ರೈಮರಿ ಏಳನೇ ಕ್ಲಾಸ್ ಮುಗಿಸಿ ಬಂದೆ. ಹನ್ನೆರಡು ವರ್ಷ. ಈಗಿನವರು ಶುಕ್ರವಾರ ಮನೆಗೆ ಹೋಗ್ತಾರೆ. ನಮಗೆ ಅದೆಲ್ಲ ಇರಲಿಲ್ಲ" ಅಂದರು. ಊಟ, ವಸತಿ, ಓಡಾಟದ ಖರ್ಚು ಕೌನ್ಸಿಲ್‌ನದೇ. "ಮತ್ತೆ ಈಡೇಗೆ ವಾಪಸ್ ಹೋಗಲಿಲ್ವಾ?" ಅಂತ ಕೇಳಿದೆ. "ಹಬ್ಬಕ್ಕೆ ಹೋಗ್ತೀನಿ" ಅಂದರು.

ಸೋಮವಾರ

ಬೆಳಿಗ್ಗೆ ಎದ್ದರೆ ಕಿಟಕಿ ಆಚೆ ಏನೂ ಇಲ್ಲ. ಬರೀ ಬಿಳಿ. ಸಮುದ್ರದಿಂದ ಎದ್ದು ಬರುವ ಈ ಮಂಜಿಗೆ ಇಲ್ಲಿ ಹಾರ್ ಅನ್ನುತ್ತಾರೆ. ನಮ್ಮ ಮಲೆನಾಡಿನ ಮಂಜು ಬಿಸಿಲು ಏರಿದ ಹಾಗೆ ಕರಗುತ್ತದೆ. ಇದಕ್ಕೆ ಬಿಸಿಲಿನ ಹಂಗಿಲ್ಲ, ಗಾಳಿ ತಿರುಗಬೇಕು.

ವಿಮಾನ ನಿಲ್ದಾಣದಲ್ಲಿ ನಾಲ್ಕು ಗಂಟೆ ಕೂತೆವು. ಸಣ್ಣ ದ್ವೀಪಗಳಿಗೆ ಹೋಗುವವರು ಎರಡು ಕಡೆಯ ಪ್ರಯಾಣದ ನಡುವೆ ಒಂದು ದಿನ ಖಾಲಿ ಇಟ್ಟುಕೊಳ್ಳುವುದು ಒಳ್ಳೆಯದು. ಇಲ್ಲಿ ಟೈಮ್‌ಟೇಬಲ್ ಬರೆಯುವುದು ಮನುಷ್ಯರು, ತಿದ್ದುವುದು ಮಂಜು.

ನಮ್ಮ ಪಕ್ಕ ಕೂತಿದ್ದ ಹೆಂಗಸಿನ ಕಾಲ ಬಳಿ ಎರಡು ಪಿಟೀಲು ಪೆಟ್ಟಿಗೆ ಇದ್ದವು. ಒಂದು ದೊಡ್ಡದು, ಒಂದು ಚಿಕ್ಕದು. ಸಂಗೀತದ ಟೀಚರ್. ಇಲ್ಲಿ ಸಂಗೀತ, ಚಿತ್ರಕಲೆ, ಆಟ ಕಲಿಸುವವರು ಒಂದು ಶಾಲೆಗೆ ಸೇರಿದವರಲ್ಲ. ವಾರದ ಒಂದೊಂದು ದಿನ ಒಂದೊಂದು ದ್ವೀಪಕ್ಕೆ ವಿಮಾನದಲ್ಲೋ ದೋಣಿಯಲ್ಲೋ ಹೋಗಿ ಪಾಠ ಮಾಡಿ ಬರುತ್ತಾರೆ. "ಇವತ್ತು ನಾನು ಹೋಗದಿದ್ದರೆ ಆ ಮಕ್ಕಳಿಗೆ ಮುಂದಿನ ವಾರದ ತನಕ ಪಿಟೀಲಿಲ್ಲ" ಅಂದರು. ಗಡಿಯಾರ ನೋಡಲಿಲ್ಲ, ಕಿಟಕಿ ನೋಡುತ್ತಿದ್ದರು.

ಒಂದೇ ಟೀಚರ್ ಇರುವ ಶಾಲೆಯಲ್ಲಿ ಅವರಿಗೆ ಜ್ವರ ಬಂದರೆ ಏನು ಮಾಡುತ್ತೀರಿ ಅಂತ ಕೇಳಿದೆ. ಬದಲಿಯವರು ವಿಮಾನದಲ್ಲಿ ಬರುತ್ತಾರಂತೆ. ಮಂಜಿದ್ದರೆ? ಅವರು ಕಿಟಕಿಯ ಕಡೆ ಕೈ ತೋರಿಸಿದರು. ನಾನು ಅವರ ಕೈ ಹಿಡಿದುಕೊಂಡೆ. ಹನ್ನೊಂದು ವರ್ಷದಲ್ಲಿ ಎಷ್ಟು ಸಲ ಲಾಂಚ್ ಹೊರಡುವ ಹೊಳೆಬಾಗಿಲಿನ ದಡದಲ್ಲಿ ಹೀಗೇ ನಿಂತಿದ್ದೆ!

ಮಧ್ಯಾಹ್ನ ಗಾಳಿ ತಿರುಗಿತು. ಎಂಟು ಸೀಟಿನ ಐಲ್ಯಾಂಡರ್ ವಿಮಾನ. ಯಾರು ಎಲ್ಲಿ ಕೂರಬೇಕು ಅಂತ ತೂಕ ನೋಡಿ ಹೇಳಿದರು. ನಾನು ಪೈಲಟ್‌ನ ಬೆನ್ನ ಹಿಂದೆಯೇ. ಮೊದಲು ವೆಸ್ಟ್ರೇ ದ್ವೀಪದಲ್ಲಿ ಇಳಿದು, ಅಲ್ಲಿಂದ ಪಾಪಾ ವೆಸ್ಟ್ರೇಗೆ. ಈ ಎರಡನೆಯ ಹಾರಾಟ ಜಗತ್ತಿನಲ್ಲೇ ಅತಿ ಚಿಕ್ಕ ನಿಗದಿತ ವಿಮಾನ ಸಂಚಾರ. ದೂರ 2.7 ಕಿಲೋಮೀಟರ್. ಟೈಮ್‌ಟೇಬಲ್‌ನಲ್ಲಿ ಎರಡು ನಿಮಿಷ. 1967ರಿಂದ ನಡೆಯುತ್ತಿದೆ. ಇದನ್ನು ನೋಡಲೆಂದೇ ಪ್ರವಾಸಿಗರು ಬರುತ್ತಾರೆ. ಪಿಟೀಲಿನ ಟೀಚರ್ ಮಾತ್ರ ಆ ಎರಡು ನಿಮಿಷದಲ್ಲಿ ಚೀಲದಿಂದ ಸ್ವರಲಿಪಿಯ ಹಾಳೆ ತೆಗೆದು ಜೋಡಿಸಿಕೊಂಡರು. ಇಳಿದ ತಕ್ಷಣ ಯಾರದೋ ಕಾರು ಹತ್ತಿ ಹೊರಟುಬಿಟ್ಟರು. ಶಾಲೆ ಬಿಡಲು ಇನ್ನೂ ಒಂದು ಗಂಟೆ ಇತ್ತು.

ಮಂಗಳವಾರ

ಪಾಪಾ ವೆಸ್ಟ್ರೇಗೆ ಇಲ್ಲಿಯವರು ಪಾಪೇ ಅನ್ನುತ್ತಾರೆ. ಉದ್ದ ಆರೂವರೆ ಕಿಲೋಮೀಟರ್, ಅಗಲ ಒಂದೂವರೆ. ಮರ ಅನ್ನುವಂಥದ್ದು ಕಾಣಲಿಲ್ಲ. ಹುಲ್ಲು, ದನ, ಕಲ್ಲಿನ ಪಾಗಾರ, ಎಲ್ಲಿ ತಿರುಗಿದರೂ ಸಮುದ್ರ. ಗಾಳಿ ಒಂದು ಕ್ಷಣವೂ ಬಿಡುವುದಿಲ್ಲ. ಛತ್ರಿ ತರಬೇಡಿ, ಬಿಚ್ಚಿದ ಕೂಡಲೇ ಹೋಗುತ್ತದೆ. ಕಿವಿ ಮುಚ್ಚುವ ಉಣ್ಣೆ ಟೊಪ್ಪಿ ಜೂನ್‌ನಲ್ಲೂ ಬೇಕು.

ನಾವಿದ್ದದ್ದು ಸಹಕಾರ ಸಂಘದ ಹಾಸ್ಟೆಲಿನಲ್ಲಿ. ಊರಿನ ಅಂಗಡಿಯೂ ಅವರದ್ದೇ. ನಮ್ಮ ಕಡೆ ಸೊಸೈಟಿ ಅನ್ನುತ್ತೇವಲ್ಲ, ಹಾಗೇ. ಅಂಗಡಿ ದಿನಕ್ಕೆ ಕೆಲವೇ ಗಂಟೆ ತೆರೆದಿರುತ್ತದೆ, ಹಾಗಾಗಿ ಹೋದ ಕೂಡಲೇ ಸಮಯ ಕೇಳಿಕೊಂಡೆವು. ಬೇರ್ (bere) ಅನ್ನುವ ಹಳೇ ತಳಿಯ ಬಾರ್ಲಿ ಹಿಟ್ಟಿನ ಬ್ಯಾನಕ್ ಸಿಕ್ಕಿತು. ದಪ್ಪ ರೊಟ್ಟಿ, ಕಂದು ಬಣ್ಣ, ಸ್ವಲ್ಪ ಒಗರು. ಹಾಸ್ಟೆಲ್ ಅಡುಗೆಮನೆಯಲ್ಲಿ ಬಿಸಿ ಮಾಡಿ, ಬೆಣ್ಣೆ ಸವರಿ, ನಾನು ತಂದಿದ್ದ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡು ತಿಂದೆವು. ರಾಗಿರೊಟ್ಟಿ ತಿಂದು ಬೆಳೆದ ಬಾಯಿಗೆ ಇದು ಪರಕೀಯ ಅನ್ನಿಸಲೇ ಇಲ್ಲ.

ಬೆಳಿಗ್ಗೆ ದ್ವೀಪದ ಉತ್ತರ ತುದಿಗೆ ನಡೆದೆವು. ಅಲ್ಲಿ ಆರ್ಕ್ಟಿಕ್ ಟರ್ನ್ ಹಕ್ಕಿಗಳು ನೆಲದ ಮೇಲೆ ಮೊಟ್ಟೆ ಇಟ್ಟಿರುತ್ತವೆ. ಹತ್ತಿರ ಸುಳಿದವರ ತಲೆಗೆ ನೇರ ಎರಗುತ್ತವೆ. ಒಂದು ಕುಕ್ಕಿಗೆ ಮಗಳ ನೆತ್ತಿಯಲ್ಲಿ ರಕ್ತ ಬಂತು. ಟ್ರ್ಯಾಕ್ಟರ್‌ನಲ್ಲಿ ಬರುತ್ತಿದ್ದ ಒಬ್ಬರು ನಿಲ್ಲಿಸಿ ಒಂದು ಕೋಲು ಕೊಟ್ಟರು. ತಲೆಗಿಂತ ಮೇಲೆ ಎತ್ತಿ ಹಿಡಿದುಕೊಳ್ಳಬೇಕು, ಹಕ್ಕಿ ಎತ್ತರದ ತುದಿಗೇ ಕುಕ್ಕುತ್ತದೆ. ಆಮೇಲೆ ನಮಗೆ ತೊಂದರೆ ಆಗಲಿಲ್ಲ.

ವಾಪಸ್ ಬರುವಾಗ ಶಾಲೆಯ ಬಳಿ ಆಟದ ಹೊತ್ತು. ಮಕ್ಕಳನ್ನು ಎಣಿಸಲು ಒಂದು ಕೈ ಸಾಕಿತ್ತು. ಒಬ್ಬ ದೊಡ್ಡ ಹುಡುಗಿ ಪುಟ್ಟ ಹುಡುಗನ ಶೂ ಲೇಸ್ ಕಟ್ಟುತ್ತಿದ್ದಳು. ಹೊರಗಿನವರು ಶಾಲೆಯ ಹೊತ್ತಿನಲ್ಲಿ ಒಳಗೆ ಹೋಗುವ ಹಾಗಿಲ್ಲ. ಅದು ಸರಿಯಾದ ನಿಯಮ. ರಸ್ತೆಯಲ್ಲೇ ನಿಂತು ನೋಡಿದೆ. ಕಿಟಕಿಯ ಒಳಗೆ ಗೋಡೆ ತುಂಬ ಚಿತ್ರಗಳು, ಬೇರೆ ಬೇರೆ ಎತ್ತರದ ಕುರ್ಚಿಗಳು ಒಂದೇ ಮೇಜಿನ ಸುತ್ತ. ಅಷ್ಟು ಸಾಕು ನನಗೆ, ಅಲ್ಲಿ ಪಾಠ ಹೇಗೆ ನಡೆಯುತ್ತದೆ ಅಂತ ತಿಳಿಯಲು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿ ಪದ್ಧತಿ ನಮ್ಮ ಶಾಲೆಗೆ ಬಂದಾಗ ನಾವೂ ಹೀಗೇ ತರಗತಿಯ ಗೆರೆ ಅಳಿಸಿ ಮಕ್ಕಳನ್ನು ಸುತ್ತ ಕೂರಿಸಿದ್ದೆವು. ದೊಡ್ಡ ಮಗು ಚಿಕ್ಕ ಮಗುವಿಗೆ ಹೇಳಿಕೊಡುವಾಗ ಇಬ್ಬರೂ ಕಲಿಯುತ್ತಾರೆ. ಇದನ್ನು ನಾನು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ.

ಸಂಜೆ ಅಂಗಡಿಯಲ್ಲಿ ಒಬ್ಬ ಅಜ್ಜಿ ಸಿಕ್ಕರು. ಅವರ ಹತ್ತಿರ ಬಹಳ ಹೊತ್ತು ಮಾತಾಡಿದೆ. 2001ರ ಜನಗಣತಿಯಲ್ಲಿ ಪಾಪೇಯಲ್ಲಿ 65 ಜನ. 2011ಕ್ಕೆ 90. ಹೇಗೆ ಹೆಚ್ಚಿತು ಅಂತ ಕೇಳಿದೆ. "ಮಕ್ಕಳಿರುವ ಮನೆಯವರು ಬಂದರು. ಅವರು ಬರೋಕೆ ಮುಂಚೆ ಫೋನಿನಲ್ಲಿ ಕೇಳೋ ಮೊದಲ ಮಾತು ಏನು ಗೊತ್ತಾ? ಮನೆ ಇದೆಯಾ ಅಂತ. ಎರಡನೇದು ಶಾಲೆ ಇದೆಯಾ ಅಂತ. ಎರಡರಲ್ಲಿ ಒಂದಕ್ಕೆ ಇಲ್ಲ ಅಂದರೂ ಮೂರನೇ ಮಾತೇ ಇಲ್ಲ." ಬಂದವರಲ್ಲಿ ಒಬ್ಬರು ವಿಮಾನ ನಿಲ್ದಾಣದಲ್ಲಿ ಬೆಂಕಿ ನಂದಿಸುವ ಕೆಲಸ ಮಾಡುತ್ತಾರೆ, ಇನ್ನೊಬ್ಬರು ಅಂಗಡಿ, ಮತ್ತೊಬ್ಬರು ಅಂಚೆ. ಒಬ್ಬೊಬ್ಬರು ಮೂರು ನಾಲ್ಕು ಕೆಲಸ. ಶಾಲೆ ಇಲ್ಲದಿದ್ದರೆ ಇವರು ಯಾರೂ ಇಲ್ಲ. ಇವರಿಲ್ಲದಿದ್ದರೆ ವಿಮಾನ ಇಳಿಯುವುದಿಲ್ಲ.

ಒಂದು ಮಗುವಿಗೆ ಎಷ್ಟು ಖರ್ಚು ಅಂತ ಭಾಗಾಕಾರ ಮಾಡಿ ಶಾಲೆಯ ಹಣೆಬರಹ ಬರೆಯುವವರಿಗೆ ಈ ಅಜ್ಜಿಯ ಲೆಕ್ಕ ತೋರಿಸಬೇಕು. ನಾನೂ ಆಗ ಮೇಲಿನವರ ಮುಂದೆ ನಿಂತು ಮಕ್ಕಳ ಸಂಖ್ಯೆ ಮಾತ್ರ ಹೇಳಿದ್ದೆ. ಆ ಊರಿನಲ್ಲಿ ಶಾಲೆ ಇದ್ದದ್ದಕ್ಕೆ ಎಷ್ಟು ಮನೆಯಲ್ಲಿ ಒಲೆ ಉರಿಯುತ್ತಿದೆ ಅಂತ ಹೇಳಲಿಲ್ಲ. ಹೇಳಬೇಕಿತ್ತು.

ಊಟವಾದ ಮೇಲೂ ಬಿಸಿಲಿತ್ತು. ನ್ಯಾಪ್ ಆಫ್ ಹಾವರ್‌ಗೆ ಹೋದೆವು. ಸಮುದ್ರದ ಅಂಚಿನಲ್ಲಿ ಎರಡು ಕಲ್ಲಿನ ಮನೆ. ಕ್ರಿಸ್ತಪೂರ್ವ 3700ರ ಸುಮಾರಿಗೆ ಕಟ್ಟಿದ್ದು. ಕಲ್ಲಿನ ಕಪಾಟು ಇನ್ನೂ ನಿಂತಿದೆ, ಬೀಸುವ ಕಲ್ಲೂ ಇದೆ. ತಗ್ಗು ಬಾಗಿಲಲ್ಲಿ ಬಗ್ಗಿ ಒಳಗೆ ಹೋದರೆ ಗಾಳಿ ಥಟ್ಟನೆ ನಿಂತುಬಿಡುತ್ತದೆ. ಮಗಳು ಅಲ್ಲೇ ಕೂತು ಒಂದು ಹಾಡು ಹೇಳಿದಳು.

ಬುಧವಾರ

ಬೆಳಗಿನ ದೋಣಿ ಗೋಲ್ಡನ್ ಮಾರಿಯಾನಾ. ಕಾರು ಹತ್ತುವುದಿಲ್ಲ, ಜನ ಮಾತ್ರ. ಮಾಕ್ಲೆಟ್ ಕಟ್ಟೆಯಲ್ಲಿ ನಮ್ಮ ಜೊತೆ ಹತ್ತಿದವರು ಸ್ಕೂಲ್ ಬ್ಯಾಗ್ ಹಾಕಿಕೊಂಡ ಮಕ್ಕಳು. ಪಾಪೇಯಲ್ಲಿ ಪ್ರೈಮರಿ ಮುಗಿಸಿದವರು ಪಕ್ಕದ ವೆಸ್ಟ್ರೇಯ ಜೂನಿಯರ್ ಹೈಸ್ಕೂಲಿಗೆ ದಿನಾ ಹೀಗೇ ಹೋಗಿ ಬರುತ್ತಾರೆ. ಸಂಜೆ ಮನೆ ಊಟ, ತಮ್ಮ ಹಾಸಿಗೆ. ಹನ್ನೆರಡಕ್ಕೇ ಹಾಸ್ಟೆಲ್ ಸೇರಬೇಕಾದ ಬೇರೆ ದ್ವೀಪದ ಮಕ್ಕಳಿಗಿಂತ ಇವರಿಗೆ ನಾಲ್ಕು ವರ್ಷ ಜಾಸ್ತಿ ಮನೆ ಸಿಗುತ್ತದೆ.

ಅಲೆ ದೊಡ್ಡದಿತ್ತು. ನನಗೆ ಹೊಟ್ಟೆ ತೊಳಸಿತು. ಎದುರು ಕೂತ ಹುಡುಗ ಗಣಿತದ ಪುಸ್ತಕ ಮಡಿಲಲ್ಲಿಟ್ಟು ಹೋಮ್‌ವರ್ಕ್ ಮುಗಿಸುತ್ತಿದ್ದ. ನನ್ನ ಮುಖ ನೋಡಿ, "ದೂರದ ದಡ ನೋಡಿ, ಪುಸ್ತಕ ನೋಡಬೇಡಿ" ಅಂದ. ಮತ್ತೆ ಪುಸ್ತಕಕ್ಕೆ ತಲೆ ಹಾಕಿದ. ಲಾಂಚ್‌ನಲ್ಲಿ ಬಸ್ಸಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಕಾಪಿ ಬರೆಯುತ್ತಿದ್ದ ನನ್ನ ಹುಡುಗರು ಕಣ್ಣಮುಂದೆ ಬಂದರು. ಮಗಳು ನನ್ನ ಬೆನ್ನು ಸವರುತ್ತಾ ಇದ್ದಳು. ಇಪ್ಪತ್ತೈದು ನಿಮಿಷ ಕಳೆಯಿತು.

ವೆಸ್ಟ್ರೇ ದೊಡ್ಡ ದ್ವೀಪ, 2011ರಲ್ಲಿ 588 ಜನ. ಪಿಯರೋವಾಲ್ ಹಳ್ಳಿಯಲ್ಲಿ ಒಂದೇ ಕಟ್ಟಡದಲ್ಲಿ ಶಿಶುವಿಹಾರದಿಂದ ಹೈಸ್ಕೂಲಿನ ನಾಲ್ಕನೇ ವರ್ಷದ ತನಕ ಓದು. ಹದಿನಾರಾದ ಮೇಲೆ ಕರ್ಕ್‌ವಾಲ್. ಹಳ್ಳಿಯ ಕಾಫಿ ಅಂಗಡಿಯಲ್ಲಿ ಆಲೂಗಡ್ಡೆ, ಟರ್ನಿಪ್ ಬೇಯಿಸಿ ಬೆಣ್ಣೆ ಹಾಕಿ ಮಸೆದ ಕ್ಲ್ಯಾಪ್‌ಶಾಟ್ ತಿಂದೆವು. ಸಸ್ಯಾಹಾರಿಗಳು ಈ ಹೆಸರು ನೆನಪಿಟ್ಟುಕೊಳ್ಳಿ. ತೊಳಸಿದ ಹೊಟ್ಟೆಗೆ ಮೊಸರನ್ನದಷ್ಟೇ ಹಿತ.

ಅಲ್ಲಿ ಒಬ್ಬ ನಿವೃತ್ತ ಟೀಚರ್ ಪರಿಚಯವಾದರು. ಶಾಲೆಗೆ ಮಕ್ಕಳು ಸಿಗುವುದಕ್ಕಿಂತ ಟೀಚರ್ ಸಿಗುವುದು ಕಷ್ಟ ಅಂದರು. ದೂರದ ದ್ವೀಪದಲ್ಲಿ ಕೆಲಸ ಮಾಡುವವರಿಗೆ ಸಂಬಳದ ಮೇಲೆ ಬೇರೆ ಭತ್ಯೆ ಇದೆ. ಆದರೂ ಗಣಿತಕ್ಕೋ ವಿಜ್ಞಾನಕ್ಕೋ ಒಬ್ಬರೇ ಇರುವಲ್ಲಿ, ಅವರು ಹೋದರೆ ಆ ವಿಷಯವೇ ಹೋಯಿತು. ಶಾಲೆ ಮುಚ್ಚುವ ಕಾನೂನನ್ನೂ ಅವರೇ ತಿಳಿಸಿದರು. ಸ್ಕಾಟ್ಲೆಂಡಿನಲ್ಲಿ 2010ರ ಕಾಯ್ದೆ ಪ್ರಕಾರ ಹಳ್ಳಿ ಶಾಲೆ ಮುಚ್ಚುವ ಮುಂಚೆ ಬೇರೆ ದಾರಿಗಳನ್ನೆಲ್ಲ ನೋಡಬೇಕು. ಮುಚ್ಚಿದರೆ ಊರಿಗೆ ಏನಾಗುತ್ತದೆ, ಮಕ್ಕಳ ಓಡಾಟ ಏನಾಗುತ್ತದೆ ಅಂತ ಬರೆದು ಜನರ ಮುಂದೆ ಇಡಬೇಕು. ಜನರ ಮಾತು ಕೇಳಬೇಕು. ನಾನು ಇದನ್ನು ಎರಡು ಸಲ ಹೇಳಿಸಿಕೊಂಡೆ. ನೋಟ್‌ಪುಸ್ತಕದಲ್ಲಿ ಬರೆದುಕೊಂಡೆ.

ಸಂಜೆ ರಾಪ್‌ನೆಸ್ ಕಟ್ಟೆಯಿಂದ ದೊಡ್ಡ ದೋಣಿ ಹತ್ತಿ ಕರ್ಕ್‌ವಾಲ್‌ಗೆ ಬಂದೆವು.

ಗುರುವಾರ

ನಾರ್ತ್ ರೊನಾಲ್ಡ್‌ಸೇ. ಆರ್ಕ್ನಿಯ ಉತ್ತರದ ಕೊನೆ. 2011ರಲ್ಲಿ 72 ಜನ. ಮತ್ತೆ ಆ ಪುಟ್ಟ ವಿಮಾನ.

ಈ ದ್ವೀಪದ ಸುತ್ತ 1832ರಲ್ಲಿ ಕಟ್ಟಿದ ಕಲ್ಲಿನ ಪಾಗಾರವಿದೆ, ಸುಮಾರು ಇಪ್ಪತ್ತೊಂದು ಕಿಲೋಮೀಟರ್. ಗಾರೆ ಇಲ್ಲ, ಕಲ್ಲಿನ ಮೇಲೆ ಕಲ್ಲು. ಕುರಿಗಳನ್ನು ಒಳಗೆ ಇಡಲಿಕ್ಕಲ್ಲ, ಹೊರಗೆ ಇಡಲಿಕ್ಕೆ! ಅವು ಕಡಲ ದಂಡೆಯಲ್ಲಿ ಸಮುದ್ರಪಾಚಿ ತಿಂದು ಬದುಕುತ್ತವೆ. ಮರಿ ಹಾಕುವ ಕಾಲದಲ್ಲಿ ಮಾತ್ರ ತಾಯಿ ಕುರಿಗಳಿಗೆ ಒಳಗೆ ಹುಲ್ಲುಗಾವಲು. ಚಳಿಗಾಲದ ಅಲೆಗೆ ಪಾಗಾರ ಬೀಳುತ್ತದೆ. ಹಿಂದೆ ಊರಿನವರೇ ಸೇರಿ ಕಟ್ಟುತ್ತಿದ್ದರು. ಈಗ ಕೈ ಸಾಲುವುದಿಲ್ಲ, ಬೇಸಿಗೆಯಲ್ಲಿ ಹೊರಗಿನಿಂದ ಸ್ವಯಂಸೇವಕರು ಬರುತ್ತಾರೆ.

ಪಾಗಾರದ ಬಳಿ ಒಬ್ಬರು ಕಲ್ಲು ಜೋಡಿಸುತ್ತಿದ್ದರು. ಎಪ್ಪತ್ತು ದಾಟಿರಬೇಕು. ಶಾಲೆ ಎಲ್ಲಿ ಅಂತ ಕೇಳಿದೆ. ಕೈಯಲ್ಲಿದ್ದ ಕಲ್ಲು ಕೆಳಗಿಟ್ಟು ತಾವೇ ಕರೆದುಕೊಂಡು ಹೋದರು.

ನಾವು ಹೋದಾಗ ಶಾಲೆಯ ಬಾಗಿಲು ಹಾಕಿತ್ತು. ಕೊನೆಗೆ ಒಂದೇ ಮಗು ಉಳಿದಿತ್ತಂತೆ. ಆ ಮಗುವೂ ಕರ್ಕ್‌ವಾಲ್‌ಗೆ ಹೋದ ಮೇಲೆ ಓದುವವರಿಲ್ಲ. ಆದರೆ ಇದಕ್ಕೆ ಮುಚ್ಚಿದ್ದು ಅನ್ನುವುದಿಲ್ಲ. ಮಾತ್‌ಬಾಲ್ ಮಾಡಿದ್ದಾರೆ ಅನ್ನುತ್ತಾರೆ, ಅಂದರೆ ರೇಷ್ಮೆ ಸೀರೆಗೆ ನುಸಿಗುಳಿಗೆ ಹಾಕಿ ಪೆಟ್ಟಿಗೆಯಲ್ಲಿ ಇಟ್ಟ ಹಾಗೆ. ಮಕ್ಕಳು ಬಂದರೆ ತೆಗೆಯಬಹುದು.

"ನಾನು ಇಲ್ಲೇ ಓದಿದ್ದು" ಅಂದರು ಅವರು. "ಆಗ ಬೆಂಚು ಸಾಲುತ್ತಿರಲಿಲ್ಲ."

ಅವರು ಕಿಟಕಿಯ ಗಾಜಿನ ಮೇಲೆ ಕೂತ ಕಡಲ ಉಪ್ಪನ್ನು ತೋಳಿನಿಂದ ಒರೆಸಿದರು. ಇಬ್ಬರೂ ಒಳಗೆ ಇಣುಕಿದೆವು. ನನ್ನ ಶಾಲೆಗೆ ಬೀಗ ಹಾಕಿದ ದಿನ ಕರಿಹಲಗೆಯ ಮೇಲೆ ಹಿಂದಿನ ದಿನದ ತಾರೀಕು, ಹಾಜರಾತಿ ನಾಲ್ಕು ಅಂತ ಹಾಗೇ ಇತ್ತು. ಅಳಿಸಲು ಕೈ ಬಂದಿರಲಿಲ್ಲ. ಅದನ್ನು ಅವರಿಗೆ ಹೇಳಿದೆ. ಮಗಳು ಇಂಗ್ಲಿಷಿನಲ್ಲಿ ಇನ್ನೊಂದು ಸಲ ಸರಿಯಾಗಿ ಹೇಳಿದಳು. ಅವರು ತಲೆಯಾಡಿಸಿದರು. ಆಮೇಲೆ ದೀಪಸ್ತಂಭದ ಕಡೆ ನಡೆಯುತ್ತಾ ಕೇಳಿದರು, "ನಿಮ್ಮ ಶಾಲೆಯ ಕೀಲಿಕೈ ಈಗ ಯಾರ ಹತ್ತಿರ ಇದೆ?"

ನನಗೆ ಉತ್ತರ ಗೊತ್ತಿರಲಿಲ್ಲ.

ದೀಪಸ್ತಂಭ 1854ರದ್ದು, ನಲವತ್ತೆರಡು ಮೀಟರ್, ಕೆಂಪು ಇಟ್ಟಿಗೆ, ಎರಡು ಬಿಳಿ ಪಟ್ಟಿ. ನನ್ನ ಮಂಡಿ ಒಪ್ಪಲಿಲ್ಲ, ಮಗಳು ಹತ್ತಿ ಬಂದಳು. ರಾತ್ರಿ ಪಕ್ಷಿ ವೀಕ್ಷಣಾಲಯದ ಅತಿಥಿಗೃಹದಲ್ಲಿ ಮಲಗಿದೆವು. ಸಸ್ಯಾಹಾರ ಬೇಕು ಅಂತ ಮೊದಲೇ ಹೇಳಿದ್ದರಿಂದ ಬೇಳೆ ಸೂಪ್ ಮಾಡಿಕೊಟ್ಟರು.

ಶುಕ್ರವಾರ

ಬೆಳಿಗ್ಗೆ ಕರ್ಕ್‌ವಾಲ್‌ಗೆ ವಾಪಸ್. ಹನ್ನೆರಡನೇ ಶತಮಾನದ ಸೇಂಟ್ ಮ್ಯಾಗ್ನಸ್ ಕೆಥೆಡ್ರಲ್‌ನ ಕೆಂಪು ಕಲ್ಲಿನ ಕಂಬಗಳ ನಡುವೆ ಸುಮ್ನೆ ಒಂದು ಗಂಟೆ ಕೂತೆ. ಮಧ್ಯಾಹ್ನ ಮತ್ತೆ ವಿಮಾನ ನಿಲ್ದಾಣ, ಈ ಸಲ ಅಬರ್ಡೀನ್‌ಗೆ.

ಹಾರ್ ಮತ್ತೆ ಬಂದಿತ್ತು. ಹಾಲ್‌ನಲ್ಲಿ ಹಾಸ್ಟೆಲ್ ಮಕ್ಕಳು, ಶುಕ್ರವಾರದ ಚೀಲಗಳು, ಒಗೆಯಲಿಕ್ಕಿರುವ ಬಟ್ಟೆ, ಒಬ್ಬಳ ಬೆನ್ನಿಗೆ ಪಿಟೀಲು. ಅವಳಿಗೆ ಹದಿಮೂರು ಇರಬಹುದು. ಎರಡು ಸಲ ಎದ್ದು ಕಿಟಕಿಗೆ ಹೋಗಿ ಬಂದಳು. ಫೋನಿನಲ್ಲಿ ಅಮ್ಮನ ಹತ್ತಿರ ಮಾತಾಡಿದಳು, "ಅಲ್ಲಿ ಕಾಣ್ತಾ ಇದೆಯಾ? ದೀಪ ಕಾಣ್ತಾ ಇದೆಯಾ?" ನಾನು ಕೊನೆಯಲ್ಲಿ ಉಳಿದಿದ್ದ ಎಳ್ಳುಂಡೆ ಡಬ್ಬಿ ತೆಗೆದೆ. ಅವಳು ಒಂದು ತೆಗೆದುಕೊಂಡು ಪಕ್ಕದ ಪುಟ್ಟ ಹುಡುಗನಿಗೂ ಕೊಡಲಾ ಅಂತ ಕೇಳಿದಳು.

ಐದು ಗಂಟೆಯ ಸುಮಾರಿಗೆ ರನ್‌ವೇಯ ಆಚೆ ಬೇಲಿ ಕಂಡಿತು, ಆಮೇಲೆ ದನ, ಆಮೇಲೆ ನೀರು. ಅವಳ ಹೆಸರು ಕರೆದರು. ಚೀಲ ಎತ್ತಿಕೊಂಡು ಓಡಿದವಳು ಬಾಗಿಲಿನಿಂದ ವಾಪಸ್ ಬಂದು, ಕುರ್ಚಿಯ ಕೆಳಗೆ ಮರೆತಿದ್ದ ಪಿಟೀಲು ತೆಗೆದುಕೊಂಡು ಹೋದಳು.